ಪ್ರವಾಸಧರ್ಮವೂ ಒಬ್ಬ ವಿದ್ವಾಂಸರ ಬಾಳೂ
(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಓದಲ್ಪಟ್ಟ ಉಪನ್ಯಾಸ)



ಮನುಷ್ಯನು ಮನೆಯನ್ನು ಕಟ್ಟಲು ಕಲಿತಂದೇ ಮನೆಯನ್ನು ಬಿಟ್ಟು ಹೊರಡಲೂ ಕಲಿತನೆಂದರೆ ಅತಿಶಯೋಕ್ತಿಯಾಗಲಾರದು. ಪೂರ್ವದಲ್ಲಿ ಈ ದೇಶದ ಜನರು ಬಹುಶಃ ಮೂರು ಕಾರಣಗಳಿಂದ ಪಯಣವನ್ನು ಕೈಕೊಳ್ಳುತ್ತಿದ್ದರು. ಕ್ಷೇತ್ರದರ್ಶನವು ಒಂದು, ವಾಣಿಜ್ಯವು ಎರಡು, ವಿದ್ಯಾರ್ಜನೆಯು ಮೂರು. ಬುತ್ತಿಯ ಗಂಟನ್ನು ಕಟ್ಟಿಕೊಂಡು ಹೊರಟವನಿಗೆ ದಾರಿಯಲ್ಲಿ ಅರವಟಿಗೆಯಿತ್ತು, ಧರ್ಮಛತ್ರವಿತ್ತು, ಮಠದ ಪ್ರಸಾದವಿತ್ತು. ಬಂದವನು ಅತಿಥಿ, ಇದ್ದವನು ಗೃಹಸ್ಥ. ಇವರೀರ್ವರ ನಡುವೆ ಹಣದ ಮಾತು ಮೊದಲಿಗೆ ಬರುತ್ತಿರಲಿಲ್ಲ. ಈಗ ಈ ಮೂರು ಕಾರಣಗಳಿಗೆ ನಾಲ್ಕನೆಯದೊಂದು ಕೂಡಿರುವದು. ಅದಾವದೆಂದರೆ, ಕೇವಲ ನೋಡುವದಕ್ಕಾಗಿ, ದಣಿವಾರಿಸಿಕೊಳ್ಳುವದಕ್ಕಾಗಿ, ವಿನೋದಕ್ಕಾಗಿ ಊರು ಬಿಟ್ಟು ಹೋಗುವದು. ಈ ನಾಲ್ಕನೆಯ ಕಾರಣವು ಇಂದು ಉಳಿದ ಮೂರನ್ನೂ ಮೀರಿ ಬೆಳೆದು, ಒಂದು ಮಹೋದ್ಯಮವಾಗಿ, ಪರ್ವತಗಳನ್ನೂ ಕಡಲದಂಡೆಗಳನ್ನೂ ಪುಣ್ಯಕ್ಷೇತ್ರಗಳನ್ನೂ ತನ್ನ ಸರಕನ್ನಾಗಿ ಮಾಡಿಕೊಂಡಿದೆ.

ಈ ಉದ್ಯಮವು ಧರ್ಮಕ್ಕೆ ಒಳಪಡಬೇಕೋ ಬೇಡವೋ, ಒಳಪಡಬೇಕಾದರೆ ಆ ಧರ್ಮವು ಎಂಥದು, ಅದನ್ನು ಶೋಧಿಸುವದರಲ್ಲಿಯೇ ಆಯುಷ್ಯವನ್ನು ವೆಚ್ಚಮಾಡಿದ ವಿದ್ವಾಂಸರ ಬಾಳು ಎಂತಿರುವದು ಎಂಬಿವೇ ಇಂದಿನ ಉಪನ್ಯಾಸದ ವಿಷಯಗಳು. ಮಠದ ಮಹೋತ್ಸವದಲ್ಲಿ ಇಂಥ ವಿಷಯವೇಕೆಂದು ಕೆಲವರಿಗೆ ಶಂಕೆಯುಂಟಾಗಬಹುದು. ಉಪನ್ಯಾಸದ ಅಂತ್ಯದಲ್ಲಿ ಆ ಶಂಕೆಯು ತಾನಾಗಿಯೇ ಪರಿಹಾರವಾಗುವದು.

ಮೊದಲು ಈ ಉದ್ಯಮದ ಬೆಳವಣಿಗೆಯನ್ನು ಸಂಕ್ಷೇಪವಾಗಿ ನೋಡಬೇಕು. ೧೮೪೧ನೆಯ ಇಸವಿಯ ಜುಲೈ ತಿಂಗಳಲ್ಲಿ ಇಂಗ್ಲಂಡದ ಥಾಮಸ್ ಕುಕ್ ಎಂಬವರು ಲೆಸ್ಟರ್ ಪಟ್ಟಣದಿಂದ ಲಫ್‌ಬರೋ ಎಂಬ ಊರಿಗೆ ಸುಮಾರು ೫೦೦ ಜನರನ್ನು ಉಗಿಬಂಡಿಯಲ್ಲಿ ಕರೆದೊಯ್ದರು. ತಲೆಗೊಂದು ಶಿಲಿಂಗಿನ ದರ. ಹೋದದ್ದು ಮದ್ಯಪಾನನಿಷೇಧದ ಸಭೆಗೆ. ಸತ್ಕಾರ್ಯದ ನಿಮಿತ್ತವಾಗಿ ಹುಟ್ಟಿದ ಈ ಏರ್ಪಾಟು ಬೇಗನೆ ಉದ್ಯೋಗವಾಯಿತು. ೧೮೬೩ರಲ್ಲಿ ಅದೇ ಕುಕ್ಕರು ಸ್ವಿಟ್ಜರ್ಲಂಡದ ಹಿಮಪರ್ವತಗಳನ್ನು ನೋಡಲು ಜನರ ತಂಡವನ್ನು ಕರೆದುಕೊಂಡು ಹೋದರು. ಅಲ್ಲಿಂದ ಮುಂದಿನ ಕಥೆಯನ್ನು ಅಂಕಿಗಳೇ ಹೇಳುತ್ತವೆ. ೧೯೫೦ರಲ್ಲಿ ಒಂದು ರಾಷ್ಟ್ರದಿಂದ ಇನ್ನೊಂದು ರಾಷ್ಟ್ರಕ್ಕೆ ಪ್ರವಾಸಕ್ಕೆ ಹೋದವರ ಎಣಿಕೆ ಸುಮಾರು ೨.೫ ಕೋಟಿ. ೨೦೧೯ರಲ್ಲಿ ಅದು ಸುಮಾರು ೧೪೬ ಕೋಟಿಯಾಯಿತು. ೨೦೨೦ರ ಸಾಂಕ್ರಾಮಿಕದಲ್ಲಿ ೪೦ ಕೋಟಿಯ ಆಸುಪಾಸಿಗೆ ಕುಸಿದದ್ದು, ೨೦೨೪ರ ಹೊತ್ತಿಗೆ ಪುನಃ ೧೪೦ ಕೋಟಿಗೆ ಏರಿತು. ತಮ್ಮ ತಮ್ಮ ದೇಶದೊಳಗೆಯೇ ತಿರುಗಾಡುವವರು ಈ ಎಣಿಕೆಯಲ್ಲಿ ಸೇರಿದವರಲ್ಲ. ಮನುಕುಲದ ಇತಿಹಾಸದಲ್ಲಿ ಯುದ್ಧವಿಲ್ಲದೆ, ಕ್ಷಾಮವಿಲ್ಲದೆ, ಕೇವಲ ಇಚ್ಛೆಯಿಂದ ಇಷ್ಟು ಜನರು ಊರು ಬಿಟ್ಟು ಊರಿಗೆ ಹೋದದ್ದು ಹಿಂದೆ ಎಂದೂ ಇಲ್ಲ.

ಯಾವ ವ್ಯವಹಾರವು ಇಷ್ಟು ವಿಸ್ತಾರವನ್ನು ಹೊಂದುವದೋ ಅದಕ್ಕೆ ಒಂದು ಶಾಸ್ತ್ರವು ಹುಟ್ಟುವದು ಸ್ವಾಭಾವಿಕ. ಸ್ವಿಟ್ಜರ್ಲಂಡವು ಚಿಕ್ಕ ದೇಶ. ಹಿಮಪರ್ವತಗಳೇ ಅದರ ಬೊಕ್ಕಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರಗಿನ ಪ್ರವಾಸಿಗಳು ನಿಂತುಹೋದಾಗ ಅಲ್ಲಿಯ ಪಂಡಿತರು ಈ ವಿಷಯದ ಮೇಲೆ ಗಂಭೀರವಾದ ಅಭ್ಯಾಸಕ್ಕೆ ತೊಡಗಿದರು. ೧೯೪೧ರಲ್ಲಿ ಸಾಂಕ್ಟ್ ಗಾಲೆನ್ ಮತ್ತು ಬರ್ನ್ ಎಂಬ ಎರಡು ನಗರಗಳಲ್ಲಿ ಇದಕ್ಕಾಗಿಯೇ ಸಂಶೋಧನಾಲಯಗಳು ಸ್ಥಾಪಿತವಾದವು. ಮರುವರ್ಷ, ಎಂದರೆ ೧೯೪೨ರಲ್ಲಿ, ವಾಲ್ಟರ್ ಹುನ್ಸಿಕರ್ ಮತ್ತು ಕುರ್ಟ್ ಕ್ರಾಫ್ ಎಂಬೀರ್ವರು ಈ ಶಾಸ್ತ್ರದ ಮೂಲಗ್ರಂಥವನ್ನು ಜರ್ಮನ್ ಭಾಷೆಯಲ್ಲಿ ರಚಿಸಿದರು. ಅವರು ಕೊಟ್ಟ ಲಕ್ಷಣದ ಸಾರವಿದು: ಪರಸ್ಥಳದವರು ಒಂದು ಊರಿಗೆ ಬಂದು, ನೆಲೆಯೂರದೆ, ಅಲ್ಲಿ ಸಂಪಾದನೆಯನ್ನೂ ಮಾಡದೆ, ಕೆಲಕಾಲ ನಿಂತು ಹೋಗುವದರಿಂದ ಹುಟ್ಟುವ ಸಂಬಂಧಗಳ ಸಮುಚ್ಚಯವೇ ಪ್ರವಾಸ. ಇಲ್ಲಿ ಸಂಬಂಧವೆಂಬ ಪದವು ಗಮನಾರ್ಹವಾದುದು. ಶಾಸ್ತ್ರದ ಆರಂಭದಲ್ಲಿಯೇ ಇದು ಬರಿಯ ಲೆಕ್ಕದ ವಿಷಯವಲ್ಲ, ಮನುಷ್ಯರ ನಡುವಣ ವಿಷಯವೆಂಬ ಬೀಜವು ಅದರಲ್ಲಿತ್ತು. ಆದರೆ ಬಹುಕಾಲ ಆ ಬೀಜವು ಮೊಳೆಯಲಿಲ್ಲ. ಯುದ್ಧವು ಮುಗಿದ ಮೇಲೆ ಹಾಸಿಗೆಗಳೆಷ್ಟು, ತಲೆಗಳೆಷ್ಟು, ಹಣವೆಷ್ಟು ಎಂಬ ಎಣಿಕೆಯೇ ಶಾಸ್ತ್ರವಾಗಿ ಕುಳಿತಿತು.

ಈ ಬೀಜಕ್ಕೆ ನೀರೆರೆದವರಲ್ಲಿ ಮುಖ್ಯರಾದವರು ಯೋಸ್ಟ್ ಕ್ರಿಪ್ಪೆಂಡಾರ್ಫ್ ಎಂಬವರು. ಇವರು ೧೯೩೮ರಲ್ಲಿ ಜನಿಸಿ, ಬರ್ನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಅಲ್ಲಿಯ ಪ್ರವಾಸ ಸಂಶೋಧನಾಲಯದ ನಿರ್ದೇಶಕರಾಗಿ ಪ್ರಸಿದ್ಧರಾದರು. ಇವರ ಬಾಳಿನಲ್ಲಿ ಕಲಿಯತಕ್ಕ ಸಂಗತಿಯು ಇವರ ಗ್ರಂಥಗಳ ಅನುಕ್ರಮದಲ್ಲಿಯೇ ಇದೆ. ೧೯೭೧ರಲ್ಲಿ ಇವರು ಪ್ರಕಟಿಸಿದ ಗ್ರಂಥದ ವಿಷಯವು ಪ್ರವಾಸವನ್ನು ಮಾರುಕಟ್ಟೆಯಲ್ಲಿ ಮಾರುವ ವಿಧಾನ. ಗಿರಾಕಿಯನ್ನು ಹೇಗೆ ಅರಿಯಬೇಕು, ಹೇಗೆ ಕರೆಯಬೇಕು ಎಂಬ ವ್ಯಾಪಾರವಿದ್ಯೆ. ನಾಲ್ಕೇ ವರ್ಷಗಳ ಮೇಲೆ, ೧೯೭೫ರಲ್ಲಿ, ಅದೇ ಲೇಖನಿಯಿಂದ ಇನ್ನೊಂದು ಗ್ರಂಥವು ಹೊರಬಂದಿತು. ಅದರ ಹೆಸರಿನ ಅರ್ಥವು ನೆಲವನ್ನು ನುಂಗುವವರು ಎಂದಾಗುವದು. ಮಾರುವ ಬಗೆಯನ್ನು ಕಲಿಸಿದವರು, ಮಾರಲ್ಪಡುವ ವಸ್ತುವು ಯಾವದು, ಅದು ಮುಗಿದುಹೋದರೆ ಮುಂದೇನು ಎಂದು ಕೇಳತೊಡಗಿದರು.

ಆ ಗ್ರಂಥದ ವಾದವನ್ನು ಇಂತು ಸಂಗ್ರಹಿಸಬಹುದು. ಮಿಕ್ಕ ಉದ್ಯಮಗಳಿಗೆ ಹತ್ತಿ, ಕಬ್ಬಿಣ, ಕಲ್ಲಿದ್ದಲು ಮೊದಲಾದವುಗಳು ಮೂಲದ್ರವ್ಯ. ಪ್ರವಾಸೋದ್ಯಮಕ್ಕೆ ಮೂಲದ್ರವ್ಯವು ನೆಲದ ಚೆಲುವು. ಜನರು ಬರುವದು ಹಸಿರು ಇಳಿಜಾರಿಗೆ, ತಿಳಿನೀರಿಗೆ, ನಿಶ್ಶಬ್ದಕ್ಕೆ. ಅವರು ಬಂದರೆಂದು ರಸ್ತೆ, ಬಂದವರು ತಂಗಲೆಂದು ಹೋಟೆಲು, ಹೋಟೆಲು ತುಂಬಲೆಂದು ಇನ್ನಷ್ಟು ಜನ, ಆ ಜನಕ್ಕೆಂದು ಇನ್ನಷ್ಟು ರಸ್ತೆ. ಹಿಮದ ಮೇಲೆ ಜಾರುವ ಆಟಕ್ಕಾಗಿ ಪರ್ವತದ ಮೈಯನ್ನು ಯಂತ್ರಗಳಿಂದ ಕೆತ್ತಿ ಸಮಮಾಡುವರು. ಎತ್ತರದ ನೆಲದಲ್ಲಿ ಒಮ್ಮೆ ಕಿತ್ತ ಹುಲ್ಲುಹಾಸು ದಶಕಗಳು ಕಳೆದರೂ ಹಿಂದಿನಂತೆ ಹಬ್ಬುವದಿಲ್ಲ. ಮಳೆನೀರು ಇಂಗದೆ ಕೊಚ್ಚಿಕೊಂಡು ಹೋಗುವದು. ಪಟ್ಟಣದ ಧನಿಕರು ಹಳ್ಳಿಯಲ್ಲಿ ಎರಡನೆಯ ಮನೆಯನ್ನು ಕಟ್ಟಿಸುವರು. ವರ್ಷದಲ್ಲಿ ಕೆಲವೇ ವಾರ ಬೆಳಕು ಕಾಣುವ ಆ ಮನೆಗಳಿಗಾಗಿ ಹುಲ್ಲುಗಾವಲು ಅಳಿಯುವದು, ನೆಲದ ಬೆಲೆ ಏರುವದು, ಹಳ್ಳಿಯಲ್ಲಿ ಹುಟ್ಟಿದವನಿಗೆ ಅಲ್ಲಿಯೇ ಮನೆ ದೊರೆಯದಾಗುವದು. ಕಡೆಗೆ ಪ್ರವಾಸಿಯು ಯಾವ ಚೆಲುವನ್ನು ಹುಡುಕಿಕೊಂಡು ಬಂದನೋ ಅದು ಅವನ ಬರವಿನಿಂದಲೇ ನಾಶವಾಗುವದು. ಬಡ್ಡಿಯನ್ನು ಉಂಡು ಬಾಳಬೇಕಾದವನು ಅಸಲನ್ನು ಉಣ್ಣುತ್ತ ಬಂದಂತೆ ಇದು.

ಇಂಥ ಮಾತನ್ನು ಹೊರಗಿನವನು ಆಡುವದು ಸುಲಭ. ಪ್ರವಾಸೋದ್ಯಮದಿಂದಲೇ ಬಾಳುವ ದೇಶದಲ್ಲಿ, ಆ ಉದ್ಯಮಕ್ಕೆ ಹಿತವಾಗಲೆಂದೇ ಸ್ಥಾಪಿತವಾದ ಸಂಶೋಧನಾಲಯದ ಪೀಠದಲ್ಲಿ ಕುಳಿತು ಆಡುವದು ಸುಲಭವಲ್ಲ. ಹಿತವಚನವು ಅಪ್ರಿಯವಾದಾಗ ನುಡಿಯುವವನೂ ವಿರಳ, ಕೇಳುವವನೂ ವಿರಳ. ಕ್ರಿಪ್ಪೆಂಡಾರ್ಫರು ಉದ್ಯಮದ ವೈರಿಯಾಗಲಿಲ್ಲ. ಪ್ರವಾಸವನ್ನೇ ನಿಲ್ಲಿಸಿರೆಂದು ಅವರು ಹೇಳಲಿಲ್ಲ. ಇದೇ ಅವರ ಬಾಳಿನ ಬಿಗುವು. ಉದ್ಯಮದವರು ಅವರನ್ನು ಕಟುವಿಮರ್ಶಕರೆಂದು ಕಂಡರೆ, ಪ್ರವಾಸವನ್ನು ಸಮೂಲವಾಗಿ ನಿರಾಕರಿಸುವವರಿಗೆ ಅವರ ಮಾತು ಮೆತ್ತಗಾಗಿ ತೋರಬಹುದಾಗಿತ್ತು. ಈ ಎರಡರ ನಡುವಣ ಇಕ್ಕಟ್ಟಿನ ಹಾದಿಯಲ್ಲಿಯೇ ಈ ಶಾಸ್ತ್ರದ ವಿದ್ವಾಂಸನು ನಡೆಯಬೇಕಾಗುವದು.

೧೯೮೪ರಲ್ಲಿ ಅವರ ಮುಖ್ಯ ಗ್ರಂಥವು ಹೊರಬಂದಿತು. ೧೯೮೭ರಲ್ಲಿ ಅದು ಇಂಗ್ಲಿಷಿಗೂ ಬಂದಿತು. ಮೊದಲಿನ ಗ್ರಂಥವು ನೆಲದ ಗತಿಯನ್ನು ವಿಚಾರಿಸಿದರೆ ಇದು ಮನುಷ್ಯನ ಗತಿಯನ್ನು ವಿಚಾರಿಸಿತು. ಕೋಟಿಗಟ್ಟಲೆ ಜನರು ವರ್ಷವರ್ಷವೂ ಊರು ಬಿಟ್ಟು ಓಡುವದೇಕೆ? ಅವರ ಉತ್ತರವಿದು: ಓಡುವವನು ಯಾವದೋ ಒಂದರ ಕಡೆಗೆ ಓಡುವದಕ್ಕಿಂತ ಹೆಚ್ಚಾಗಿ ಯಾವದೋ ಒಂದರಿಂದ ದೂರ ಓಡುತ್ತಿರುವನು. ಯಂತ್ರದ ಮುಂದೆ, ಮೇಜಿನ ಮುಂದೆ, ಗಡಿಯಾರದ ಮುಂದೆ ಹನ್ನೊಂದು ತಿಂಗಳು ದುಡಿದು, ಗದ್ದಲದ ನಗರದಲ್ಲಿ ವಾಸಿಸಿ ಸವೆದ ಮನುಷ್ಯನಿಗೆ ದುರಸ್ತಿಯು ಬೇಕಾಗುವದು. ರಜೆಯು ಆ ದುರಸ್ತಿ. ದುರಸ್ತಿಯಾದವನು ಪುನಃ ಅದೇ ಸವೆತಕ್ಕೆ ಮರಳುವನು. ಆದಕಾರಣ ಪ್ರವಾಸದ ರೋಗಕ್ಕೆ ಮದ್ದು ಪ್ರವಾಸದ ಊರಿನಲ್ಲಿ ಮಾತ್ರವೇ ದೊರೆಯಲಾರದು. ದಿನದಿನದ ಬಾಳು ಬಾಳತಕ್ಕದ್ದಾಗಬೇಕು, ಕೆಲಸವು ಮನುಷ್ಯನಿಗೆ ತೃಪ್ತಿಯನ್ನು ಕೊಡಬೇಕು, ಇರುವ ಊರು ಇರತಕ್ಕದ್ದಾಗಬೇಕು. ಅಂಥವನು ಹೊರಟರೆ ಓಡಿಹೋಗುವವನಂತೆ ಹೊರಡುವದಿಲ್ಲ, ಕಲಿಯಹೋಗುವವನಂತೆ ಹೊರಡುವನು. ಪ್ರವಾಸಮಾಡುವದೂ ಒಂದು ವಿದ್ಯೆ, ಅದನ್ನು ಅಭ್ಯಾಸದಿಂದ ಕಲಿಯಬೇಕು ಎಂಬದು ಅವರ ಸಿದ್ಧಾಂತ. ತಮ್ಮ ಊರಿನಲ್ಲಿ ತಾವೇ ಪರಕೀಯರಾದ ನಿವಾಸಿಗಳು ಒಂದು ದಿನ ತಿರುಗಿಬೀಳುವರೆಂಬ ಎಚ್ಚರಿಕೆಯೂ ಆ ಗ್ರಂಥದಲ್ಲಿತ್ತು.

ಆ ಎಚ್ಚರಿಕೆಯು ಹುಸಿಯಾಗಲಿಲ್ಲ. ಇಟಲಿಯ ವೆನಿಸ್ ನಗರದ ಹಳೆಯ ದ್ವೀಪಭಾಗದಲ್ಲಿ ೧೯೫೧ರಲ್ಲಿ ಸುಮಾರು ೧,೭೫,೦೦೦ ನಿವಾಸಿಗಳಿದ್ದರು. ೨೦೨೨ರಲ್ಲಿ ಅವರ ಎಣಿಕೆಯು ೫೦,೦೦೦ಕ್ಕೂ ಕೆಳಗಿಳಿಯಿತು. ೨೦೨೪ರ ಏಪ್ರಿಲ್ ತಿಂಗಳಿಂದ ಗೊತ್ತುಪಡಿಸಿದ ದಿನಗಳಲ್ಲಿ, ರಾತ್ರಿ ತಂಗದೆ ಬಂದು ಹೋಗುವ ಪ್ರವಾಸಿಯು ೫ ಯೂರೋ ಪ್ರವೇಶಶುಲ್ಕವನ್ನು ಕೊಡಬೇಕೆಂದು ಆ ನಗರವು ವಿಧಿಸಿತು. ಅದೇ ವರ್ಷದ ಜುಲೈಯಲ್ಲಿ ಸ್ಪೇನಿನ ಬಾರ್ಸಿಲೋನಾ ನಗರದ ಜನರು ಬೀದಿಗಿಳಿದು ಮೆರವಣಿಗೆ ಮಾಡಿದರು. ಕೆಲವರು ಉಪಾಹಾರಗೃಹಗಳಲ್ಲಿ ಕುಳಿತ ಪ್ರವಾಸಿಗಳ ಮೇಲೆ ಆಟಿಕೆಯ ಪಿಚಕಾರಿಗಳಿಂದ ನೀರೆರಚಿದರು. ಫಿಲಿಪ್ಪೀನ ದೇಶವು ತನ್ನ ಬೊರಾಕೈ ಎಂಬ ದ್ವೀಪವನ್ನು ಕೊಳಚೆಯ ಕಾರಣದಿಂದ ೨೦೧೮ರಲ್ಲಿ ಆರು ತಿಂಗಳ ಕಾಲ ಪ್ರವಾಸಿಗಳಿಗೆ ಮುಚ್ಚಿತು. ಅತಿಥಿಯನ್ನು ಕಂಡು ಬಾಗಿಲು ಮುಚ್ಚುವ ಕಾಲವು ಒದಗಿತೆಂದರೆ ತಪ್ಪು ಅತಿಥಿಯಲ್ಲಿಯೋ ಗೃಹಸ್ಥನಲ್ಲಿಯೋ, ಅವರ ನಡುವೆ ನಿಂತ ವ್ಯಾಪಾರಿಯಲ್ಲಿಯೋ ಎಂದು ವಿಚಾರಿಸದೆ ವಿಧಿಯಿಲ್ಲ.

ಈ ವಿಚಾರದಲ್ಲಿ ಕ್ರಿಪ್ಪೆಂಡಾರ್ಫರು ಒಂಟಿಗರಾಗಿರಲಿಲ್ಲ. ಅಮೇರಿಕೆಯ ಮಾನವಶಾಸ್ತ್ರಜ್ಞೆಯಾದ ವ್ಯಾಲೀನ್ ಸ್ಮಿತ್ ಎಂಬವರು ೧೯೭೪ರಲ್ಲಿ ಮೆಕ್ಸಿಕೋ ನಗರದಲ್ಲಿ ನಡೆದ ವಿದ್ವದ್ಗೋಷ್ಠಿಯ ಫಲವಾಗಿ ೧೯೭೭ರಲ್ಲಿ ಆತಿಥೇಯರು ಮತ್ತು ಅತಿಥಿಗಳು ಎಂಬರ್ಥದ ಹೆಸರಿನ ಗ್ರಂಥವನ್ನು ಸಂಪಾದಿಸಿದರು. ಇಮಾನ್ಯುಯೆಲ್ ಡಿ ಕಾಡ್ಟರು ೧೯೭೯ರಲ್ಲಿ ಸಂಪಾದಿಸಿದ ಗ್ರಂಥವು, ಪ್ರವಾಸೋದ್ಯಮವು ಬಡರಾಷ್ಟ್ರಗಳ ಏಳಿಗೆಗೆ ನಿಜವಾಗಿಯೂ ರಹದಾರಿಯೇ ಎಂಬ ಪ್ರಶ್ನೆಯನ್ನೆತ್ತಿತು. ಪ್ರವಾಸಿಯು ಕೊಟ್ಟ ಹಣದಲ್ಲಿ ವಿಮಾನದ ಕಂಪನಿಗೆಷ್ಟು, ಹೊರದೇಶದ ಹೋಟೆಲಿನ ಒಡೆಯನಿಗೆಷ್ಟು, ಹೊರಗಿನಿಂದ ತರಿಸಿದ ಆಹಾರಕ್ಕೆಷ್ಟು ಎಂದು ಕಳೆಯುತ್ತ ಹೋದರೆ, ತೂತಿನ ಕೊಡದಲ್ಲಿ ನೀರು ಉಳಿಯುವಷ್ಟು ಮಾತ್ರ ಊರವರಿಗೆ ಉಳಿಯುವದೆಂಬ ಸಂಗತಿಯನ್ನು ಈ ಮಾರ್ಗದ ವಿದ್ವಾಂಸರು ಬೆಳಕಿಗೆ ತಂದರು. ೧೯೮೦ರಲ್ಲಿ ರಿಚರ್ಡ್ ಬಟ್ಲರ್ ಎಂಬ ಭೂಗೋಲಶಾಸ್ತ್ರಜ್ಞರು ಪ್ರವಾಸಸ್ಥಳಕ್ಕೂ ಹುಟ್ಟು, ಬೆಳವಣಿಗೆ, ಮುಪ್ಪುಗಳುಂಟೆಂದು ತೋರಿಸಿದರು. ಮೊದಲು ಕೆಲವೇ ಜನ ಕಂಡುಹಿಡಿದು ಬರುವರು, ಊರವರು ಅವರಿಗೆ ಎಡೆಗೊಡುವರು, ಬಂಡವಾಳಗಾರರು ಬರುವರು, ಜನವು ತುಂಬುವದು, ಬಳಿಕ ಬೆಳವಣಿಗೆಯು ನಿಲ್ಲುವದು, ಅನಂತರ ಇಳಿಗತಿ, ಇಲ್ಲವೆ ಎಚ್ಚರಗೊಂಡರೆ ಪುನರುಜ್ಜೀವನ. ಬೆಂಗಳೂರಿನಲ್ಲಿಯೂ ೧೯೮೫ರಲ್ಲಿ ಈಕ್ವೇಶನ್ಸ್ ಎಂಬ ಸಂಸ್ಥೆಯು ಹುಟ್ಟಿ, ಪ್ರವಾಸೋದ್ಯಮದಲ್ಲಿ ಸ್ಥಳೀಕರಿಗೆ ನ್ಯಾಯವು ದೊರೆಯುವದೋ ಇಲ್ಲವೋ ಎಂಬ ಪರೀಕ್ಷೆಯನ್ನೇ ತನ್ನ ಕಾರ್ಯವನ್ನಾಗಿ ಮಾಡಿಕೊಂಡದ್ದು ಕನ್ನಡಿಗರು ಅರಿಯತಕ್ಕ ಸಂಗತಿ.

ಇನ್ನು ಈ ವಿದ್ಯೆಯಲ್ಲಿ ಆಯುಷ್ಯವನ್ನು ಕಳೆಯುವವನಿಗೆ ಎದುರಾಗುವ ಪರೀಕ್ಷೆಗಳನ್ನು ಹೇಳಬೇಕು. ಅವು ಮೂರು.

ಮೊದಲನೆಯದು ಅನ್ನದ ಪರೀಕ್ಷೆ. ಸಂಶೋಧನೆಗೆ ದ್ರವ್ಯವು ಬೇಕು. ಅದನ್ನು ಕೊಡುವವರು ಸರಕಾರದವರು, ಹೋಟೆಲಿನವರು, ವಿಮಾನದವರು. ಇನ್ನಷ್ಟು ಜನರನ್ನು ತರುವ ಉಪಾಯವನ್ನು ಹೇಳು ಎಂದು ಅವರು ಕೇಳುವರು. ಇನ್ನು ಸಾಕು ಎಂಬ ಉತ್ತರವನ್ನು ಅವರು ಕೊಂಡುಕೊಳ್ಳುವದಿಲ್ಲ. ಯಾರ ಉಪ್ಪನ್ನು ಉಂಡಿರುವನೋ ಅವರ ಮುಂದೆ ಸತ್ಯವನ್ನು ನುಡಿಯುವದು ಆಸ್ಥಾನಪಂಡಿತರ ಕಾಲದಿಂದಲೂ ಕಠಿಣವಾದುದು. ಮಾರುವ ವಿದ್ಯೆಯಲ್ಲಿ ಗ್ರಂಥವನ್ನು ಬರೆದು ನಾಲ್ಕೇ ವರ್ಷಗಳಲ್ಲಿ ಮೂಲದ್ರವ್ಯದ ನಾಶವನ್ನು ಕುರಿತು ಬರೆದವರ ಧೈರ್ಯವನ್ನು ಈ ದೃಷ್ಟಿಯಿಂದ ತೂಗಬೇಕು.

ಎರಡನೆಯದು ಮಾತಿನ ಪರೀಕ್ಷೆ. ೧೯೮೦ರಲ್ಲಿ ರಾಬರ್ಟ್ ಯುಂಗ್ ಎಂಬ ಲೇಖಕರು ಒಂದು ಜರ್ಮನ್ ಮಾಸಪತ್ರಿಕೆಯಲ್ಲಿ ಕಠಿನ ಪ್ರವಾಸ, ಮೃದು ಪ್ರವಾಸ ಎಂಬ ಎರಡು ಬಗೆಗಳನ್ನು ಎದುರುಬದುರಾಗಿರಿಸಿ ತೋರಿಸಿದರು. ಗುಂಪಾಗಿ ಅವಸರದಿಂದ ಹೋಗಿ ಏನನ್ನೂ ಅರಿಯದೆ ಬರುವದು ಒಂದು. ಕೆಲವರೇ ಸಾವಕಾಶವಾಗಿ ಹೋಗಿ ಆ ನಾಡಿನ ರೀತಿಯಂತೆ ನಡೆದುಕೊಂಡು ಬರುವದು ಇನ್ನೊಂದು. ಮೃದು ಪ್ರವಾಸವೆಂಬ ಮಾತು ಜನಪ್ರಿಯವಾಯಿತು. ಕ್ರಿಪ್ಪೆಂಡಾರ್ಫರ ಹೆಸರೂ ಅದರೊಡನೆ ಕೂಡಿಬಂದಿತು. ಜನಪ್ರಿಯವಾದೊಡನೆ ಆ ಮಾತು ಜಾಹೀರಾತಿಗೂ ಹೋಯಿತು. ಬಳಿಕ ಬಂದ ಹಸಿರು, ಪರಿಸರಸ್ನೇಹಿ, ಸುಸ್ಥಿರ ಎಂಬ ಮಾತುಗಳಿಗೂ ಇದೇ ಗತಿಯಾಯಿತು. ಕೋಣೆಯ ಟವೆಲನ್ನು ದಿನವೂ ಒಗೆಯದಿರುವದನ್ನೇ ಮಹಾವ್ರತವೆಂದು ಫಲಕದಲ್ಲಿ ಬರೆಯಿಸಿ, ಹಿಂಬದಿಯಲ್ಲಿ ಕೆರೆಗೆ ಕೊಳಚೆಯನ್ನು ಬಿಡುವ ವಸತಿಗೃಹಗಳು ಎಲ್ಲ ದೇಶಗಳಲ್ಲಿಯೂ ಕಾಣಸಿಗುವವು. ಪಂಡಿತನು ಟಂಕಿಸಿದ ಪದವು ಕಳ್ಳನಾಣ್ಯವಾಗಿ ಚಲಾವಣೆಯಾದಾಗ, ಅದನ್ನು ಪುನಃ ಉಜ್ಜಿ ಪರೀಕ್ಷಿಸುವದು ಆ ಪಂಡಿತನ ಹೊಣೆಯೇ ಆಗಿರುವದು.

ಈ ಹೊಣೆಯನ್ನರಿತವರು ಮಾತಿನಿಂದ ಅಳತೆಗೆ ಹೋದರು. ವಿಶ್ವ ಪ್ರವಾಸೋದ್ಯಮ ಸಂಸ್ಥೆಯು ೧೯೯೯ರಲ್ಲಿ ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ಪ್ರವಾಸೋದ್ಯಮದ ನೀತಿಸಂಹಿತೆಯನ್ನು ಅಂಗೀಕರಿಸಿತು. ೨೦೦೨ರ ಆಗಸ್ಟಿನಲ್ಲಿ ದಕ್ಷಿಣ ಆಫ್ರಿಕೆಯ ಕೇಪ್‌ಟೌನಿನಲ್ಲಿ ಸೇರಿದ ಸಮ್ಮೇಲನವು ಹೊಣೆಯರಿತ ಪ್ರವಾಸೋದ್ಯಮದ ಘೋಷಣೆಯನ್ನು ಹೊರಡಿಸಿತು. ಈ ಕಾರ್ಯದಲ್ಲಿ ಹೆರಾಲ್ಡ್ ಗುಡ್ವಿನ್ ಎಂಬ ಆಂಗ್ಲ ವಿದ್ವಾಂಸರ ಶ್ರಮವು ಪ್ರಸಿದ್ಧವಾಗಿದೆ. ಊರು ಮೊದಲು ಇರುವವರಿಗೆ ಒಳ್ಳೆಯದಾಗಿರಲಿ, ಅದರಿಂದಲೇ ಬರುವವರಿಗೂ ಒಳ್ಳೆಯದಾಗುವದು ಎಂಬದು ಅದರ ತಾತ್ಪರ್ಯ. ೨೦೦೮ರಲ್ಲಿ ಈ ವಿಷಯದ ಎರಡನೆಯ ಸಮ್ಮೇಲನವು ಕೇರಳದ ಕೊಚ್ಚಿಯಲ್ಲಿ ನಡೆಯಿತು. ಅದೇ ಕಾಲಕ್ಕೆ ವೇಂಬನಾಡು ಸರೋವರದ ದಂಡೆಯಲ್ಲಿರುವ ಕುಮಾರಕೋಂ ಎಂಬ ಊರಿನಲ್ಲಿ ಒಂದು ಪ್ರಯೋಗವು ನಡೆದಿತ್ತು. ಅಲ್ಲಿಯ ದೊಡ್ಡ ವಸತಿಗೃಹಗಳು ತರಕಾರಿ ಮೊದಲಾದವನ್ನು ದೂರದ ಪೇಟೆಯಿಂದ ತರಿಸುವದರ ಬದಲು, ಊರಿನ ಕುಟುಂಬಶ್ರೀ ಸಂಘದ ಹೆಂಗಸರು ಬೆಳೆದುದನ್ನು ಗೊತ್ತಾದ ಬೆಲೆಗೆ ಕೊಳ್ಳುವ ಕಟ್ಟಳೆಯಾಯಿತು. ಬೀಳುಬಿದ್ದ ನೆಲವು ಉಳುಮೆಗೆ ಬಂದಿತು. ಘೋಷಣೆಯು ಸೊಪ್ಪಿನ ಕಟ್ಟಿಗೂ ಅದರ ಬೆಲೆಗೂ ಇಳಿದು ಬಂದಾಗ ಮಾತ್ರ ಅದು ಧರ್ಮವೆನಿಸುವದು.

ಮೂರನೆಯದು ಕಾಲಿನ ಪರೀಕ್ಷೆ. ಇದು ಎಲ್ಲಕ್ಕೂ ಕಠಿಣವಾದುದು. ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯದ ಮ್ಯಾನ್‌ಫ್ರೆಡ್ ಲೆಂಜೆನ್ ಮತ್ತು ಸಂಗಡಿಗರು ೨೦೧೮ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಭೂಮಿಯ ತಾಪವನ್ನು ಹೆಚ್ಚಿಸುವ ಅನಿಲಗಳಲ್ಲಿ ನೂರಕ್ಕೆ ಸುಮಾರು ೮ ಪಾಲು ಪ್ರವಾಸೋದ್ಯಮದಿಂದ ಹೊರಡುವದು. ಪ್ರಯಾಣ, ಊಟ, ವಸತಿ, ಕೊಳ್ಳುವ ವಸ್ತು ಎಲ್ಲವೂ ಆ ಲೆಕ್ಕದಲ್ಲಿ ಸೇರಿವೆ. ತಾಪವು ಏರಿದಂತೆಲ್ಲ ಆಲ್ಪ್ಸ್ ಪರ್ವತಗಳ ಹಿಮನದಿಗಳು ಕುಗ್ಗುತ್ತಿವೆ; ಹಿಮವನ್ನು ನೋಡಹೋಗುವವರ ಹೊಗೆಯಿಂದ ಹಿಮವೇ ಕರಗುತ್ತಿದೆ. ಹೀಗಿರುವಲ್ಲಿ ಪ್ರವಾಸಧರ್ಮವನ್ನು ಉಪದೇಶಿಸುವ ವಿದ್ವಾಂಸನು ತಾನೇ ವರ್ಷಕ್ಕೆ ಹಲವು ಸಲ ವಿಮಾನವನ್ನೇರಿ ಸಮ್ಮೇಲನಗಳಿಗೆ ಹೋಗುವದು ಸಾಧುವೇ? ಹೋಗದಿದ್ದರೆ ಪರಸ್ಥಳದ ಕಷ್ಟಸುಖವನ್ನು ಕಣ್ಣಾರೆ ಕಾಣದವನ ಮಾತಿಗೆ ಬೆಲೆಯೇನು? ನುಡಿಯೂ ನಡೆಯೂ ಬೇರೆಯಾಗಬಾರದೆಂಬದು ಸರ್ವಸಮ್ಮತ. ಆದರೆ ಈ ವಿದ್ಯೆಯಲ್ಲಿ ನಡೆಯೆಂಬದು ಅಕ್ಷರಶಃ ನಡೆಯೇ ಆಗಿರುವದರಿಂದ ತೊಡಕು ಹೆಚ್ಚು. ಹೋಗಲೇಬೇಕಾದಲ್ಲಿಗೆ ಮಾತ್ರ ಹೋಗುವದು, ಹೋದಲ್ಲಿ ಹೆಚ್ಚು ದಿನ ನಿಂತು ಆ ನೆಲದ ಭಾಷೆಯನ್ನು ಕಲಿಯುವದು, ಹೋದದ್ದಕ್ಕೆ ಫಲವನ್ನು ಆ ಊರಿಗೇ ಹಿಂದಿರುಗಿಸುವದು, ಇಷ್ಟನ್ನಾದರೂ ಅಂಥವನು ಪಾಲಿಸಬೇಕು.

ಇಲ್ಲಿ ಪ್ರತಿವಾದಿಯೊಬ್ಬನು ಎದ್ದು ನಿಂತು ಕೇಳಬಹುದು: ಪ್ರವಾಸವು ಇಷ್ಟು ದೋಷವುಳ್ಳದ್ದಾದರೆ ಅದನ್ನು ಬಿಟ್ಟೇಬಿಡಬಾರದೇಕೆ? ಇದಕ್ಕೆ ೨೦೨೦ನೆಯ ವರ್ಷವೇ ಉತ್ತರವನ್ನು ಕೊಟ್ಟಿತು. ಆ ವರ್ಷ ಸಾಂಕ್ರಾಮಿಕದ ದೆಸೆಯಿಂದ ಪ್ರವಾಸವು ನಿಂತಿತು. ನೀರು ತಿಳಿಯಾಯಿತು, ಆಕಾಶವು ನಿರ್ಮಲವಾಯಿತು, ಸತ್ಯ. ಆದರೆ ದೋಣಿಯ ಅಂಬಿಗನ, ದಾರಿ ತೋರುವವನ, ಎಳನೀರು ಮಾರುವವಳ, ಕೋಣೆ ಗುಡಿಸುವವಳ ಮನೆಯ ಒಲೆಯೂ ಆರಿತು. ಎಲ್ಲರಿಗಿಂತ ಮೊದಲು ಕೆಲಸವನ್ನು ಕಳೆದುಕೊಂಡವರು ಎಲ್ಲರಿಗಿಂತ ಕಡಿಮೆ ಗಳಿಸುತ್ತಿದ್ದವರೇ. ಆದಕಾರಣ ಬಿಡುವದು ಉತ್ತರವಲ್ಲ, ತಿದ್ದುವದು ಉತ್ತರ.

ತಿದ್ದುವದು ಎಷ್ಟು ಸೂಕ್ಷ್ಮವಾದುದೆಂಬದಕ್ಕೆ ಕನ್ನಡನಾಡಿನ ಹಂಪೆಯೇ ನಿದರ್ಶನ. ಹಂಪೆಯ ಸ್ಮಾರಕಗಳು ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ತುಂಗಭದ್ರೆಗೆ ಅಡ್ಡಲಾಗಿ ಕಟ್ಟತೊಡಗಿದ ಸೇತುವೆಗಳು ಪ್ರಾಚೀನ ಪರಿಸರವನ್ನು ಕೆಡಿಸುವವೆಂಬ ಕಾರಣದಿಂದ ೧೯೯೯ರಲ್ಲಿ ಅವು ಅಪಾಯಕ್ಕೊಳಗಾದ ಸ್ಥಳಗಳ ಪಟ್ಟಿಗೆ ಸೇರಿ, ೨೦೦೬ರಲ್ಲಿ ಅದರಿಂದ ಹೊರಬಂದವು. ಆದರೆ ಹೊಳೆಯ ಆಚೆಯ ದಂಡೆಯ ಹಳ್ಳಿಗನಿಗೆ ಸೇತುವೆಯು ನೋಟದ ವಿಷಯವಲ್ಲ, ಆಸ್ಪತ್ರೆಗೂ ಸಂತೆಗೂ ಹೋಗುವ ದಾರಿಯ ವಿಷಯ. ವಿರೂಪಾಕ್ಷನ ಗುಡಿಯ ಮುಂದಣ ಪೇಟೆಯ ಹಳೆಯ ಮಂಟಪಗಳಲ್ಲಿ ಸಂಸಾರ ಹೂಡಿ, ಅಂಗಡಿಯಿಟ್ಟು, ಬಂದವರಿಗೆ ಊಟ ವಸತಿಗಳನ್ನು ಕೊಟ್ಟು ಬಾಳುತ್ತಿದ್ದ ಜನರನ್ನು ೨೦೧೧ರ ಜುಲೈಯಲ್ಲಿ ತೆರವುಗೊಳಿಸಲಾಯಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ ೨೦೨೦ರಲ್ಲಿ ವಿರೂಪಾಪುರಗಡ್ಡೆಯ ವಸತಿಗೃಹಗಳು ಉರುಳಿದವು. ಕಲ್ಲನ್ನು ಕಾಯಬೇಕೆಂಬದು ನ್ಯಾಯವೇ. ಅಪ್ಪಣೆಯಿಲ್ಲದ ಕಟ್ಟಡವು ಸಲ್ಲದೆಂಬದೂ ನ್ಯಾಯವೇ. ಆದರೂ ಆ ಕಲ್ಲಿನ ಪೇಟೆಯು ಕಟ್ಟಲ್ಪಟ್ಟದ್ದು ಜನರು ನೆರೆಯಲೆಂದೇ ಎಂಬದನ್ನು ಮರೆತು, ಜನವಿಲ್ಲದ ಪೇಟೆಯನ್ನು ಪ್ರವಾಸಿಗಳಿಗೆ ತೋರಿಸುವದರಲ್ಲಿ ಏನೋ ಒಂದು ಕೊರತೆಯುಂಟು. ಆ ಕೊರತೆಯನ್ನು ಅಳೆದು ಹೇಳುವದೇ, ಉಭಯಪಕ್ಷಗಳ ಮಾತನ್ನೂ ಕೇಳಿ ಮೂರನೆಯ ದಾರಿಯನ್ನು ಹುಡುಕುವದೇ ಈ ವಿದ್ಯೆಯ ವಿದ್ವಾಂಸರ ಕೆಲಸ. ಉರುಳಿಸುವ ಯಂತ್ರವು ಬಂದ ಮೇಲೆ ಬರೆದ ಗ್ರಂಥದಿಂದ ಪ್ರಯೋಜನವು ಅಲ್ಪ. ಅಂಗಡಿಯ ಮೊದಲ ಕಂಬವನ್ನು ನೆಡುವಾಗಲೇ ಅವರ ಮಾತು ಕೇಳಿಬರಬೇಕು.

ಕ್ರಿಪ್ಪೆಂಡಾರ್ಫರು ೨೦೦೩ರಲ್ಲಿ ಕಾಲವಾದರು. ಅವರು ಎಚ್ಚರಿಸಿದ ಎರಡನೆಯ ಮನೆಗಳ ಪ್ರಶ್ನೆಯು ಅವರ ತರುವಾಯವೂ ಜೀವಂತವಾಗಿತ್ತು. ೨೦೧೨ರ ಮಾರ್ಚ್ ೧೧ರಂದು ಸ್ವಿಟ್ಜರ್ಲಂಡದ ಜನರು ಮತವನ್ನು ಕೊಟ್ಟು, ಯಾವ ಊರಿನಲ್ಲಿಯೂ ಎರಡನೆಯ ಮನೆಗಳು ನೂರಕ್ಕೆ ೨೦ನ್ನು ಮೀರಬಾರದೆಂದು ನಿಶ್ಚಯಿಸಿದರು. ಪರವಾಗಿ ಬಂದ ಮತಗಳು ನೂರಕ್ಕೆ ೫೦.೬ ಮಾತ್ರ. ಪರ್ವತಪ್ರಾಂತಗಳ ಅನೇಕ ಊರುಗಳು ಇದನ್ನು ವಿರೋಧಿಸಿದವು, ಏಕೆಂದರೆ ಕಟ್ಟಡದ ಕೆಲಸವೇ ಅಲ್ಲಿಯ ಹಲವರ ಜೀವನವಾಗಿತ್ತು. ಇದರ ಕಾಯಿದೆಯು ೨೦೧೬ರ ಜನವರಿಯಿಂದ ಜಾರಿಗೆ ಬಂದಿತು. ಇದು ಒಬ್ಬ ಪಂಡಿತರಿಂದಾದ ಕಾರ್ಯವೆಂದರೆ ತಪ್ಪಾಗುವದು. ಅನೇಕರ ಅನೇಕ ವರ್ಷಗಳ ದುಡಿಮೆಯು ಇದರಲ್ಲಿದೆ. ಆದರೆ ೧೯೭೫ರಲ್ಲಿ ಒಂದು ಗ್ರಂಥದಲ್ಲಿ ಪ್ರಶ್ನೆಯಾಗಿದ್ದದ್ದು ೨೦೧೨ರಲ್ಲಿ ಒಂದು ದೇಶದ ಪ್ರತಿಜ್ಞೆಯಾಯಿತು. ಬಿತ್ತಿದವನು ಬೆಳೆಯನ್ನು ಕಾಣದಿರುವದು ವಿದ್ಯಾಕ್ಷೇತ್ರದ ಒಕ್ಕಲುತನದಲ್ಲಿ ಹೊಸತೇನೂ ಅಲ್ಲ.

ಮೊದಲಿಗೆ ಸೂಚಿಸಿದ ಶಂಕೆಗೆ ಈಗ ಬರಬಹುದು. ಮಠಕ್ಕೂ ಈ ವಿಷಯಕ್ಕೂ ಏನು ಸಂಬಂಧ? ಜಾತ್ರೆಗೆ ಬರುವವನೂ ಪ್ರವಾಸಿಯೇ. ಅವನ ಬಂಡಿಯೂ ಹೊಗೆಯನ್ನು ಬಿಡುವದು, ಅವನ ಕೈಯಿಂದಲೂ ಪ್ಲಾಸ್ಟಿಕ್ ಚೀಲವು ಕೆರೆಯ ದಂಡೆಯಲ್ಲಿ ಬೀಳುವದು, ಅವನಿಗಾಗಿ ತೋಡಿದ ಕೊಳವೆಬಾವಿಯೂ ಊರವರ ಬಾವಿಯ ನೀರನ್ನೇ ಸೆಳೆಯುವದು. ಭಕ್ತಿಯಿಂದ ಬಂದನೆಂಬ ಮಾತ್ರಕ್ಕೆ ನೆಲವು ಅವನ ಭಾರವನ್ನು ಕಡಿಮೆಯಾಗಿ ತೂಗುವದಿಲ್ಲ. ಪಾಶ್ಚಾತ್ಯ ಪಂಡಿತರು ದೀರ್ಘಶೋಧನೆಯಿಂದ ಕಂಡುಕೊಂಡ ತತ್ತ್ವವಾದರೂ ಏನು? ಬಂದವನು ತಾನು ಅತಿಥಿಯೆಂಬದನ್ನು ಮರೆಯಬಾರದು. ಇದ್ದವನು ತಾನು ಅಂಗಡಿಕಾರನಷ್ಟೇ ಅಲ್ಲವೆಂಬದನ್ನು ಮರೆಯಬಾರದು. ದುಡಿದು ಉಣ್ಣುವದನ್ನೂ ಹಂಚಿ ಉಣ್ಣುವದನ್ನೂ ಸಾರಿದ ದಾಸೋಹದ ನೆಲದಲ್ಲಿ ಈ ತತ್ತ್ವವು ಅಪರಿಚಿತವಲ್ಲ. ಆದರೆ ತತ್ತ್ವದ ಪರಿಚಯವಿದ್ದ ಮಾತ್ರಕ್ಕೆ ಆಚರಣೆಯು ಬಂದಂತಾಗಲಿಲ್ಲ. ಬರ್ನ್ ನಗರದ ಆ ವಿದ್ವಾಂಸರು ಮಾಡಿದಂತೆ ಹಾಸಿಗೆಗಳನ್ನೂ ನೀರನ್ನೂ ಹುಲ್ಲುಗಾವಲನ್ನೂ ಎಣಿಸಿ, ಇಷ್ಟಕ್ಕೆ ಸಾಕು ಎಂದು ಹೇಳುವ ಧೈರ್ಯವು ಇಲ್ಲಿಯೂ ಬೇಕಾಗಿರುವದು.

ಪಾಠಶಾಲೆಗಳಲ್ಲಿ ವ್ಯಾಕರಣ ಸಾಹಿತ್ಯಗಳನ್ನು ಓದಿದ ತರುಣರು ಈ ಹೊಸ ಶಾಸ್ತ್ರವನ್ನು ಅನ್ಯವೆಂದು ತಿಳಿಯಬೇಕಾದುದಿಲ್ಲ. ಶಬ್ದದ ಅರ್ಥವು ಕೆಡದಂತೆ ಕಾಯುವದೇ ವೈಯಾಕರಣನ ಕೆಲಸವಾದರೆ, ಅತಿಥಿಯೆಂಬ ಶಬ್ದದ ಅರ್ಥವು ಕೆಡದಂತೆ ಕಾಯುವವನೂ ಅವನ ಸೋದರನೇ. ಅಂಥ ತರುಣನೊಬ್ಬನು ಮುಂದಿನ ಜಾತ್ರೆಯಲ್ಲಿ ಒಂದು ಲೆಕ್ಕದ ಪುಸ್ತಕವನ್ನು ಹಿಡಿದು, ಎಷ್ಟು ಜನ ಬಂದರು, ಎಷ್ಟು ನೀರು ಹೋಯಿತು, ಎಷ್ಟು ಕಸವು ಉಳಿಯಿತು, ಊರ ಬಡವನ ಕೈಗೆ ಎಷ್ಟು ಕಾಸು ಸೇರಿತು ಎಂದು ಬರೆದುಕೊಂಡರೆ, ಆ ದಿನವೇ ಅವನ ಶಾಸ್ತ್ರಾಭ್ಯಾಸವು ಆರಂಭವಾದಂತೆ. ಆ ಪುಸ್ತಕವನ್ನು ಅವನು ಮರುವರ್ಷದ ಜಾತ್ರೆಗೆ ಮುಂಚಿತವಾಗಿ ಊರ ಹಿರಿಯರ ಮುಂದಿಟ್ಟು, ಅವರಿಗೆ ಪ್ರಿಯವಾಗಲಿ ಅಪ್ರಿಯವಾಗಲಿ, ಇದ್ದದ್ದನ್ನು ಇದ್ದಂತೆ ಓದಿ ಹೇಳಲಿ.

ಬಂದವರಿಗೂ ಇದ್ದವರಿಗೂ, ಇಬ್ಬರನ್ನೂ ಹೊತ್ತ ನೆಲಕ್ಕೂ ಮಂಗಳವಾಗಲಿ.